ಕುರಿಗೆ ಗಿಡಮೂಲಿಕೆ, ಮಾಂಸಕ್ಕೆ ಗುಣ: ಮಲೆನಾಡಿನ ರೈತರು ತಿಳಿಯಬೇಕಾದ ವಿಷಯ



ಕುರಿ ಮೂಲತಃ ಬಯಲುಸೀಮೆಯ ಪ್ರಾಣಿ. ಚಿಕ್ಕಮಗಳೂರು ಜಿಲ್ಲೆಯಲ್ಲಿ ದೊಡ್ಡ ಮಂದೆಗಳನ್ನು ಕಾಣಬೇಕಾದರೆ ಕಡೂರಿನ ಕಡೆಗೇ ಹೋಗಬೇಕು. ಆದರೂ ಅಡಿಕೆಯೊಂದನ್ನೇ ನಂಬಿ ಕೂರದೆ, ಕೊಟ್ಟಿಗೆಯಲ್ಲಿ ಹತ್ತಿಪ್ಪತ್ತು ಕುರಿ ಕಟ್ಟಿ ಮಾಂಸಕ್ಕೆ ಬೆಳೆಸುವ ಯೋಚನೆ ಮಲೆನಾಡಿನ ಕೆಲವರಿಗೂ ಬರುತ್ತದೆ. ಅಂಥವರ ಮುಂದಿರುವ ಪ್ರಶ್ನೆ: ಗಿಡಮೂಲಿಕೆ ತಿನ್ನಿಸಿದರೆ ಮಾಂಸದ ಗುಣ ಹೆಚ್ಚುವುದೇ?

ಮಾಂಸದ ಗುಣವೆಂದರೆ ಬಣ್ಣ, ಮೃದುತ್ವ, ವಾಸನೆ, ರುಚಿ ಮತ್ತು ಕೆಡದೆ ಉಳಿಯುವ ಶಕ್ತಿ. ಕೊಯ್ದ ಮಾಂಸಕ್ಕೆ ಗಾಳಿ ತಗುಲಿದಂತೆ ಅದರ ಕೊಬ್ಬು ಕಮಟುತ್ತದೆ, ಕೆಂಪು ಬಣ್ಣ ಕಂದಾಗುತ್ತದೆ. ಇದನ್ನು ತಡೆಯುವ ವಸ್ತುಗಳು ಹಲವು ಸೊಪ್ಪುಗಳಲ್ಲಿವೆ. ಸ್ಪೇನ್ ದೇಶದಲ್ಲಿ ರೋಸ್‌ಮೆರಿ, ಥೈಮ್ ಎಂಬ ಸುವಾಸನೆಯ ಗಿಡಗಳ ಎಲೆಗಳನ್ನು ತಾಯಿಕುರಿಗಳಿಗೆ ತಿನ್ನಿಸಿದಾಗ ಅವುಗಳ ಮರಿಗಳ ಮಾಂಸ ಹೆಚ್ಚು ಹೊತ್ತು ಬಣ್ಣಗೆಡದೆ ಉಳಿಯಿತು. ಹಸಿರು ಮೇವಿನಲ್ಲಿರುವ 'ಇ' ಜೀವಸತ್ವವೂ ಇದೇ ಕೆಲಸ ಮಾಡುತ್ತದೆ. ಅರಿಶಿನ, ಬೆಳ್ಳುಳ್ಳಿ, ಮೆಂತ್ಯಗಳ ಪ್ರಯೋಗಗಳಲ್ಲಿ ಮಾತ್ರ ಫಲಿತಾಂಶ ಒಂದೇ ತೆರನಾಗಿ ಬಂದಿಲ್ಲ. ಆದುದರಿಂದ ದುಬಾರಿ ಪುಡಿಯ ಪೊಟ್ಟಣ ಕೊಳ್ಳುವ ಮೊದಲು ಹಿತ್ತಲಿನ ಹಸಿರನ್ನು ನೋಡುವುದು ಲೇಸು.

ಮಲೆನಾಡಿನಲ್ಲಿ ಹಲಸಿನ ಸೊಪ್ಪು, ನುಗ್ಗೆ ಸೊಪ್ಪು, ಗ್ಲಿರಿಸಿಡಿಯ ಸುಲಭವಾಗಿ ದೊರೆಯುತ್ತವೆ. ಹಲಸಿನ ಸೊಪ್ಪಿನಲ್ಲಿ ಒಗರಿನ ಅಂಶವಿದೆ. ಇಂಥ ಒಗರು ಮಿತವಾಗಿದ್ದರೆ ಹೊಟ್ಟೆಹುಳುವಿನ ಬಾಧೆ ತಗ್ಗಲು ತಕ್ಕಮಟ್ಟಿಗೆ ನೆರವಾಗುತ್ತದೆ. ಅತಿಯಾದರೆ ಮೇವು ಜೀರ್ಣವಾಗದು. ಒಟ್ಟು ಹಸಿರುಮೇವಿನಲ್ಲಿ ಇದು ಮೂರರಲ್ಲೊಂದು ಪಾಲು ಮೀರದಿರಲಿ. ಬೇಲಿಯ ಲಂಟಾನವನ್ನು ಮಾತ್ರ ಸೊಪ್ಪಿನ ಹೊರೆಯಲ್ಲಿ ಸೇರಿಸಲೇಬಾರದು. ಅದು ಕುರಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ.

ಅಡಿಕೆ ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದ ಅಪಾಯ ಇನ್ನೊಂದಿದೆ. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತವಿರುತ್ತದೆ. ಮೈಲುತುತ್ತದಲ್ಲಿರುವುದು ತಾಮ್ರ. ಸಾಕುಪ್ರಾಣಿಗಳಲ್ಲಿ ತಾಮ್ರವನ್ನು ತಾಳಲಾರದ ಪ್ರಾಣಿಯೆಂದರೆ ಕುರಿ. ಒಂದು ಕಿಲೋ ಒಣಮೇವಿನ ಲೆಕ್ಕಕ್ಕೆ ತಾಮ್ರ 15 ಮಿಲಿಗ್ರಾಂ ಮೀರಬಾರದು. ಸಿಂಪಡಿಸಿದ ಮರಗಳಿಂದ ತೊಟ್ಟಿಕ್ಕಿದ ದ್ರಾವಣ ಬುಡದ ಹುಲ್ಲಿನ ಮೇಲೆ ಉಳಿಯುತ್ತದೆ. ದನಕ್ಕೆ ತೊಂದರೆ ಮಾಡದ ಆ ಹುಲ್ಲೇ ಕುರಿಗೆ ವಿಷವಾಗಬಲ್ಲದು. ತಾಮ್ರ ವಾರಗಟ್ಟಲೆ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಸೇರಿ, ಒಂದು ದಿನ ಥಟ್ಟನೆ ಕಣ್ಣು ಹಳದಿಯಾಗಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ಕುರಿ ಸಾಯುತ್ತದೆ. ಅಂಥ ಕುರಿಯ ಮಾಂಸ ತಿನ್ನಲು ಯೋಗ್ಯವಲ್ಲ. ಆದುದರಿಂದ ಔಷಧಿ ಹೊಡೆದ ತೋಟದ ಹುಲ್ಲನ್ನು ಕುರಿಗೆ ಹಾಕಬಾರದು. ದನಕ್ಕೆ ತಂದ ಖನಿಜ ಮಿಶ್ರಣದಲ್ಲಿಯೂ ತಾಮ್ರ ಹೆಚ್ಚಿರುವುದರಿಂದ ಕುರಿಗೆಂದೇ ತಯಾರಿಸಿದ್ದನ್ನು ಕೊಳ್ಳಬೇಕು.

ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಈ ತೇವದಲ್ಲಿ ಗೊರಸು ಕೊಳೆಯುತ್ತದೆ, ಜಂತುಹುಳು ಹೆಚ್ಚುತ್ತದೆ. ಗದ್ದೆಯ ಬಸವನಹುಳುವಿನ ಮೂಲಕ ಪಿತ್ತಜನಕಾಂಗದ ಹುಳು ಹರಡುತ್ತದೆ. ಹುಳು ಬಿದ್ದ ಕುರಿಗೆ ಯಾವ ಮೂಲಿಕೆ ತಿನ್ನಿಸಿದರೂ ಮೈಯಲ್ಲಿ ಮಾಂಸ ತುಂಬದು. ನೆಲದಿಂದ ಎತ್ತರಿಸಿದ ಸೀಳುಹಲಗೆಯ ಅಟ್ಟಣೆ ಹಾಕಿ, ಗದ್ದೆಯಂಚಿನ ಹುಲ್ಲು ಬಿಟ್ಟು, ಮಳೆಗಾಲದ ಮೊದಲೂ ಅನಂತರವೂ ಹಿಕ್ಕೆ ಪರೀಕ್ಷೆ ಮಾಡಿಸಿ, ಪಶುವೈದ್ಯರ ಸಲಹೆಯಂತೆ ಜಂತುನಾಶಕ ಕುಡಿಸಬೇಕು. ಔಷಧಿ ಕೊಟ್ಟ ಮೇಲೆ ಅದರ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯುವವರೆಗೆ ಕುರಿಯನ್ನು ಮಾಂಸಕ್ಕೆ ಮಾರಬಾರದು.

ಕೊನೆಯದಾಗಿ ಸಾಗಾಣಿಕೆಯ ವಿಚಾರ. ಘಟ್ಟದ ತಿರುವುಗಳಲ್ಲಿ ಒತ್ತೊತ್ತಾಗಿ ತುಂಬಿ ತಂದ ಕುರಿ ಬೆದರಿ ಬಳಲಿರುತ್ತದೆ. ಅದನ್ನು ಇಳಿಸಿದೊಡನೆ ಕೊಯ್ದರೆ ಮಾಂಸದಲ್ಲಿ ಹುಳಿಯಂಶ ಸಾಕಷ್ಟು ಬೆಳೆಯದೆ, ಬಣ್ಣ ಕಪ್ಪಿಟ್ಟು ಬೇಗ ಕೆಡುತ್ತದೆ. ನೀರು ಕೊಟ್ಟು, ನೆರಳಿನಲ್ಲಿ ಒಂದು ರಾತ್ರಿ ತಂಗಿಸುವುದಕ್ಕೆ ಖರ್ಚೇನೂ ಇಲ್ಲ.

ಒಣ ನೆಲ, ಹುಳುವಿಲ್ಲದ ಹೊಟ್ಟೆ, ತುತ್ತ ಸೋಕದ ಹಸಿರು, ಬೆದರಿಕೆಯಿಲ್ಲದ ಕೊನೆಯ ದಿನ: ಮಾಂಸದ ಗುಣಕ್ಕೆ ಈ ನಾಲ್ಕು ಮೊದಲು, ಮೂಲಿಕೆ ಐದನೆಯದು. ಈ ಕ್ರಮ ತಪ್ಪದೆ ನಡೆಯುವ ರೈತರಿಗೆ ಮಲೆನಾಡಿನಲ್ಲಿಯೂ ಕುರಿ ಕೈಹಿಡಿದೀತು.