ದಲೀಲಿಗೂ ಮೊದಲು ಈಮಾನ್

 



ಮದ್ರಸಾದಲ್ಲಿ ನಾವು ನಸಫೀಯವರ ಅಕಾಯಿದ್ ಗ್ರಂಥವನ್ನೂ ಅದಕ್ಕೆ ತಫ್ತಾಝಾನೀಯವರು ಬರೆದ ವ್ಯಾಖ್ಯಾನವನ್ನೂ ಓದಿದೆವು. ಅಲ್ಲಾಹನಿಗೆ ಸ್ಥಳವಿಲ್ಲ, ದಿಕ್ಕಿಲ್ಲ ಎಂದು ವಾದಿಸಲು ಕಲಿತೆವು. ಊರಿಗೆ ಬಂದು ನೋಡಿದರೆ ಜನ ಆಕಾಶಕ್ಕೆ ಕೈಯೆತ್ತಿ 'ಮೇಲಿರುವವನೇ' ಎಂದು ಕರೆಯುತ್ತಾರೆ. ಇವರ ಈಮಾನ್ ನಮ್ಮದಕ್ಕಿಂತ ಕಡಿಮೆಯೇ?

ಸಹೀಹ್ ಮುಸ್ಲಿಮ್‌ನಲ್ಲಿ ಮುಆವಿಯಾ ಬಿನ್ ಹಕಮ್ ಸುಲಮೀ(ರ) ಅವರ ವರದಿಯಿದೆ. ಅವರ ದಾಸಿ ಉಹುದ್ ಕಡೆ ಕುರಿ ಮೇಯಿಸುತ್ತಿದ್ದಳು. ತೋಳವೊಂದು ಕುರಿಯನ್ನು ಒಯ್ದಿತೆಂದು ಅವರು ಸಿಟ್ಟಿನಲ್ಲಿ ಆಕೆಗೆ ಹೊಡೆದರು. ಆಮೇಲೆ ಮನಸ್ಸು ಚುಚ್ಚಿ ಪ್ರವಾದಿ(ಸ)ರ ಬಳಿ ಬಂದರು. ಪ್ರವಾದಿ(ಸ) ಆಕೆಯನ್ನು ಕರೆಸಿ, ಅಲ್ಲಾಹನು ಎಲ್ಲಿದ್ದಾನೆ, ತಾವು ಯಾರು ಎಂದು ಎರಡೇ ಪ್ರಶ್ನೆ ಕೇಳಿದರು. ಆಕಾಶದಲ್ಲಿ, ತಾವು ಅಲ್ಲಾಹನ ರಸೂಲ್ ಎಂದಳು. ಈಕೆ ವಿಶ್ವಾಸಿನಿ, ಬಿಡುಗಡೆ ಮಾಡಿರಿ ಎಂದು ಅಪ್ಪಣೆಯಾಯಿತು. 'ಆಕಾಶದಲ್ಲಿ' ಎಂಬ ಆ ಒಂದು ಮಾತಿನ ಮೇಲೆ ನಮ್ಮ ಕಿತಾಬುಗಳಲ್ಲಿ ಪುಟಗಟ್ಟಲೆ ಚರ್ಚೆಯಿದೆ. ಆಕೆಗೆ ಮಾತ್ರ ಅಲ್ಲಿ ಮೂರನೆಯ ಪ್ರಶ್ನೆ ಬರಲಿಲ್ಲ. ಹಿಜರಿ 505ರಲ್ಲಿ ತೀರಿಕೊಂಡ ಇಮಾಮ್ ಗಝಾಲೀಯವರು ಕೊನೆಗಾಲದಲ್ಲಿ ಬರೆದದ್ದು, ಸಾಮಾನ್ಯರನ್ನು ಇಲ್ಮುಲ್ ಕಲಾಮಿನ ವಾದಕ್ಕೆ ಎಳೆಯಬೇಡಿ ಎಂಬ ಕಿತಾಬನ್ನೇ.

ನಮ್ಮ ಮೊಹಲ್ಲಾದಲ್ಲಿ ಒಬ್ಬ ಅಜ್ಜಿ ತೀರಿಹೋದ ಗಂಡನ ಹೆಸರಿನಲ್ಲಿ ಪ್ರತಿ ಜುಮೇರಾತ್ ಖೀರು ಮಾಡಿ ಓಣಿಯ ಮಕ್ಕಳಿಗೆ ಹಂಚುತ್ತಿದ್ದರು. "ಹಜ್ರತ್, ಆವತ್ತು ಸಂಜೆ ಅವರ ರೂಹ್ ಮನೆ ಬಾಗಿಲಿಗೆ ಬರುತ್ತದಲ್ಲವಾ?" ಎಂದು ಕೇಳಿದರು. ನಾವಾಗ ಹೊಸಬರು. ಅದಕ್ಕೆ ದಲೀಲ್ ಇಲ್ಲ ಎಂದಷ್ಟೇ ಹೇಳಿ ಮಾತು ಮುಗಿಸಿದೆವು. ಹೇಳಿದ್ದು ತಪ್ಪಲ್ಲ. ಆದರೆ ಮುಂದಿನ ಜುಮೇರಾತ್‌ಗೆ ಖೀರು ನಿಂತಿತು. ಅಜ್ಜಿ ಮತ್ತೆ ಮಸಲಾ ಕೇಳಲು ಬರಲಿಲ್ಲ. ಹಠಾತ್ತನೆ ತೀರಿಕೊಂಡ ತಾಯಿಯ ಪರವಾಗಿ ಸದಖಾ ಕೊಟ್ಟರೆ ಆಕೆಗೆ ಪುಣ್ಯ ಸಿಗುವುದೇ ಎಂದು ಒಬ್ಬರು ಕೇಳಿದಾಗ ಪ್ರವಾದಿ(ಸ) ಹೌದೆಂದ ಹದೀಸ್ ಬುಖಾರಿಯಲ್ಲಿದೆ. ನಮಗೆ ಅದು ಕಂಠಪಾಠವಿತ್ತು. ಆ ದಿನ ಬಾಯಿಗೆ ಬರಲಿಲ್ಲ!

ಹಾಗೆಂದು ಹಿರಿಯರಿಂದ ಬಂದದ್ದೆಲ್ಲ ದೀನ್ ಆಗುವುದಿಲ್ಲ. ತಾಯತವೇ ಕಾಪಾಡುತ್ತದೆ ಎಂದು ನಂಬಿದವರನ್ನು ಕಂಡೂ ಸುಮ್ಮನಿರುವ ಆಲಿಮ್ ಅಲ್ಲಾಹನ ಮುಂದೆ ಉತ್ತರ ಕೊಡಬೇಕು. ನೀವೂ ಕೇಳಿರಿ, ಸಂಕೋಚ ಬೇಡ. ನಾವು ಗದರಿದರೆ ಇನ್ನೊಮ್ಮೆ ಕೇಳಿರಿ.

ಕಳೆದ ತಿಂಗಳು ಆ ಅಜ್ಜಿಯ ಮನೆಗೆ ಹೋಗಿ ಸದಖಾದ ಹದೀಸ್ ಹೇಳಿದೆವು. ರೂಹ್ ಬರುವ ಮಾತನ್ನು ಅವರೂ ಎತ್ತಲಿಲ್ಲ. "ಹಾಗಾದರೆ ಮಕ್ಕಳಿಗೆ ಹಂಚಬಹುದಾ ಹಜ್ರತ್, ಅವರಿಗೆ ಮುಟ್ಟುತ್ತದಾ?" ಎಂದರು. ಹಂಚಿರಿ, ಯಾವ ದಿನವಾದರೂ ಹಂಚಿರಿ ಎಂದು ಹೇಳಿ ಬಂದೆವು.