ಮೀನುತೊಟ್ಟಿಗೆ ಯಾವ ಕಟ್ಟಿಗೆ?



ಮಲೆನಾಡಿನಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಬಯಲುಸೀಮೆಗೆ ಇಳಿಯುತ್ತವೆ. ಹೊಸಪೇಟೆಯ ಅಣೆಕಟ್ಟನ್ನು ದಾಟಿದ ಆ ನೀರು ಕಂಪ್ಲಿ, ಸಿರುಗುಪ್ಪ ತಾಲ್ಲೂಕುಗಳ ಅಂಚಿನಲ್ಲಿ ಹರಿಯುತ್ತದೆ. ಪ್ರವಾಹ ಇಳಿದ ಮೇಲೆ ಅಲ್ಲಿಯ ದಂಡೆಗಳಲ್ಲಿ ಸವೆದು ನಯವಾದ ಬೇರು, ಕೊಂಬೆ, ಬೊಡ್ಡೆಗಳು ಉಳಿಯುತ್ತವೆ. ಬಳ್ಳಾರಿ ನಗರದ ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರ ಕಣ್ಣು ಸಹಜವಾಗಿಯೇ ಅವುಗಳ ಮೇಲೆ ಬೀಳುತ್ತದೆ. ಪ್ಲಾಸ್ಟಿಕ್ ಅಲಂಕಾರಕ್ಕಿಂತ ಅದು ಚೆಂದ, ಖರ್ಚೂ ಇಲ್ಲ. ಆದರೆ ಸಿಕ್ಕ ಕಟ್ಟಿಗೆಯನ್ನು ತೊಳೆದು ಹಾಕಿದ ಮಾತ್ರಕ್ಕೆ ಮೀನು ಬದುಕುವುದೆಂಬ ಭರವಸೆಯಿಲ್ಲ. ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂಬ ನಂಬಿಕೆಯೂ ತಪ್ಪು. ಕಟ್ಟಿಗೆಯ ಶುದ್ಧಿ ಒಲೆ ಹೊತ್ತಿಸುವ ಮೊದಲೇ, ಆಯ್ಕೆಯಲ್ಲಿಯೇ ಆರಂಭವಾಗಬೇಕು.

ಮೊದಲ ಪ್ರಶ್ನೆ: ಅದು ಎಲ್ಲಿ ಬಿದ್ದಿತ್ತು? ಸಿರುಗುಪ್ಪ ಭತ್ತದ ಸೀಮೆ. ಗದ್ದೆಯ ಬದುವಿನಲ್ಲಿ, ಬಸಿಗಾಲುವೆಯಲ್ಲಿ ನೆನೆದ ಕಟ್ಟಿಗೆಯು ಕೀಟನಾಶಕ, ಕಳೆನಾಶಕಗಳ ಶೇಷವನ್ನು ಹೀರಿಕೊಂಡಿರುವ ಸಂಭವವಿದೆ. ಕುದಿಸುವುದರಿಂದ ಇವು ಪೂರ್ಣವಾಗಿ ಹೋಗುತ್ತವೆಂದು ಹೇಳಲಾಗದು. ಕೆಲವು ಕೀಟನಾಶಕಗಳ ಅತ್ಯಲ್ಪ ಪ್ರಮಾಣವೂ ಮೀನು, ಸೀಗಡಿಗಳಿಗೆ ಮಾರಕ. ಬಣ್ಣ ಬಳಿದ, ಮೊಳೆ ಹೊಡೆದ, ಎಣ್ಣೆಯ ವಾಸನೆಯಿರುವ, ಚರಂಡಿ ನೀರು ಸೋಕಿದ ತುಂಡುಗಳೂ ಬೇಡ.

ಎರಡನೆಯ ಪ್ರಶ್ನೆ: ಯಾವ ಮರ? ಕಾರೆಕಾಯಿ ಜಜ್ಜಿ ಹಳ್ಳದ ಮಡುವಿಗೆ ಹಾಕಿದರೆ ಮೀನು ಮತ್ತೇರಿ ತೇಲುವುದನ್ನು ಮಲೆನಾಡಿನ ಹಿರಿಯರು ಬಲ್ಲರು. ಹೊಂಗೆಯ ಬೀಜ, ಬೇರುಗಳಿಗೂ ಆ ಗುಣವುಂಟು. ಬೇವಿನ ಕಹಿ ಜಲಚರಗಳಿಗೆ ಹಿತವಲ್ಲ. ಹಾಲು ಒಸರುವ ಕಳ್ಳಿ, ಎಕ್ಕಗಳನ್ನೂ ವಿಷದ ಕಣಗಿಲೆಯನ್ನೂ ಮುಟ್ಟಬಾರದು. ಗುರುತು ಸಿಗದ ಮರವನ್ನು ಅಲ್ಲಿಯೇ ಬಿಡುವುದು ಕ್ಷೇಮ.

ಹಾಗಾದರೆ ಯಾವುದನ್ನು ತರಬೇಕು? ಉತ್ತರ ಆ ಊರಿನ ಹೆಸರನ್ನೇ ಹೊತ್ತಿದೆ: ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಈ ಮುಳ್ಳುಮರ ಬೀಳುಭೂಮಿ, ಕೆರೆಯಂಗಳಗಳನ್ನು ಆವರಿಸಿದೆ. ಬಳ್ಳಾರಿ, ಕುರುಗೋಡುಗಳ ಸುತ್ತಲಲ್ಲಿ ಸೌದೆಗೆಂದು ಕಡಿದ ಜಾಲಿಯ ಒಣ ಬೇರನ್ನು ಭೂಮಿಯ ಒಡೆಯನ ಒಪ್ಪಿಗೆ ಪಡೆದು ತಂದರೆ ಯಾವ ಜೀವಿಗೂ ನಷ್ಟವಿಲ್ಲ. ಹಸಿಯದು, ಅಂಟು ಒಸರುವುದು ಬೇಡ. ಸತ್ತು ವರ್ಷ ಕಳೆದು, ಉಗುರಿಗೆ ಬಗ್ಗದಷ್ಟು ಗಟ್ಟಿಯಾಗಿರಬೇಕು.

ತಂದ ಮೇಲೆ ಮುಳ್ಳು, ತೊಗಟೆ, ಕೊಳೆತ ಭಾಗಗಳನ್ನು ಕೆತ್ತಿ ತೆಗೆಯಬೇಕು. ಗಟ್ಟಿ ಬ್ರಷ್ಷಿನಿಂದ ಬರಿಯ ನೀರಿನಲ್ಲಿ ಉಜ್ಜಬೇಕು. ಸೋಪು, ಸೋಪಿನ ಪುಡಿ ಕೂಡದು. ಅಡುಗೆಗೆ ಬಳಸದ ಹಂಡೆಯಲ್ಲಿ, ಮನೆಯ ಹೊರಗಿನ ಒಲೆಯಲ್ಲಿ ಒಂದೆರಡು ಗಂಟೆ ಕುದಿಸಬೇಕು. ಇದರಿಂದ ಹುಳು, ಮೊಟ್ಟೆ, ಬೂಷ್ಟುಗಳು ಬಹುಮಟ್ಟಿಗೆ ಸಾಯುತ್ತವೆ. ಪ್ರೆಷರ್ ಕುಕ್ಕರಿನಲ್ಲಿ ಎಂದಿಗೂ ಬೇಯಿಸಬಾರದು. ಚೂರು ಸಿಕ್ಕಿ ಆವಿಯ ದಾರಿ ಕಟ್ಟಿದರೆ ಸಿಡಿಯುವ ಅಪಾಯವಿದೆ. ಅನಂತರ ಎರಡರಿಂದ ನಾಲ್ಕು ವಾರ ಬಕೆಟ್ಟಿನಲ್ಲಿ ನೆನೆಹಾಕಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು. ನೀರು ಚಹದ ಬಣ್ಣಕ್ಕೆ ತಿರುಗಿದರೆ ಹೆದರಬೇಕಿಲ್ಲ; ಅದು ಮರದ ಒಗರು. ದುರ್ವಾಸನೆ ಬಂದರೆ ಅಥವಾ ಎಣ್ಣೆಯ ಪೊರೆ ಕಂಡರೆ ಆ ತುಂಡನ್ನು ತ್ಯಜಿಸುವುದೇ ಲೇಸು. ತೇಲುವ ಕಟ್ಟಿಗೆಯನ್ನು ಚಿಕ್ಕ ಗ್ರಾನೈಟ್ ಚಪ್ಪಡಿಗೆ ನೈಲಾನ್ ದಾರದಿಂದ ಬಿಗಿಯಬಹುದು; ಸುಣ್ಣಕಲ್ಲು ನೀರನ್ನು ಗಡುಸುಗೊಳಿಸುತ್ತದೆ. ತೊಟ್ಟಿಗಿಳಿಸಿದ ಬಳಿಕ ಮೂಡುವ ಬಿಳಿಯ ಲೋಳೆ ಸಾಮಾನ್ಯವಾಗಿ ನಿರುಪದ್ರವಿ. ಉಜ್ಜಿ ತೆಗೆದರೆ ಸಾಕು.

ಇನ್ನು ನದಿಯ ಮಾತು. ನೀರೊಳಗಿನ ಬೊಡ್ಡೆಯನ್ನು ಕಸವೆಂದು ಎಣಿಸಬಾರದು. ಅದರ ಮೇಲೆ ಪಾಚಿ ಬೆಳೆಯುತ್ತದೆ, ಪಾಚಿಗೆ ಹುಳು ಬರುತ್ತದೆ, ಹುಳುವಿಗೆ ಮೀನು ಬರುತ್ತದೆ. ಮರಿಮೀನು ಅದರ ಸಂದಿಯಲ್ಲಿ ಅಡಗಿ ಬದುಕುತ್ತದೆ. ಆ ಮೀನನ್ನು ನಂಬಿದ ನೀರುನಾಯಿಗಳಿಗಾಗಿಯೇ 2015ರಲ್ಲಿ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ತುಂಗಭದ್ರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ತೇಲಿಬಂದ ಮರಮುಟ್ಟಿನ ಬಗೆಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿಯೂ ವಿಧಿಗಳಿವೆ. ಮಲೆನಾಡಿನ ಹಳ್ಳಗಳಿಗೂ ಇದೇ ಮಾತು ಸಲ್ಲುತ್ತದೆ.

ಗಾಜಿನ ಮನೆಯ ನಾಲ್ಕು ಮೀನಿನ ಅಂದಕ್ಕಾಗಿ ಹೊಳೆಯ ನೂರು ಮೀನಿನ ಮನೆಯನ್ನು ಕೀಳುವುದು ತರವಲ್ಲ. ಹೊಳೆಯದು ಹೊಳೆಗಿರಲಿ; ತೊಟ್ಟಿಗೆ ಒಣಜಾಲಿ ಸಾಕು.