ಕ್ಷಯವೂ ಊಟದ ತಟ್ಟೆಯೂ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ರೋಗದ ಮಾತೇಕೆಂದು ಕೆಲವರಿಗೆ ಅನಿಸಬಹುದು. ಆದರೆ ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಸಂಜೆ ರಾತ್ರಿಶಾಲೆಗೆ ಹೋಗಿ, ಹತ್ತು ಮಂದಿ ಒಂದೇ ಅಟ್ಟದಲ್ಲಿ ಮಲಗಿದವರ ಮಕ್ಕಳು ಮೊಮ್ಮಕ್ಕಳು ಈ ಸಭೆಯಲ್ಲಿ ಅನೇಕರಿದ್ದೀರಿ. ಆ ಅಟ್ಟದಲ್ಲಿ ಒಬ್ಬನಿಗೆ ಕೆಮ್ಮು ಹತ್ತಿದರೆ ಏನಾಗುತ್ತಿತ್ತೆಂಬುದು ಮನೆಮನೆಗೂ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ. ನಮ್ಮ ಚಿಕ್ಕಪ್ಪನವರೊಬ್ಬರು ಹಾಗೆಯೇ ಕೆಲಸ ಬಿಟ್ಟು ಊರಿಗೆ ಹೋದವರು ಮರಳಲಿಲ್ಲ. ‘ಕಫ ಹೆಚ್ಚಾಗಿತ್ತು’ ಎಂದಷ್ಟೇ ಹಿರಿಯರ ಮಾತು. ಮನೆಯ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಭಯ.

ಕ್ಷಯವು ಒಂದು ಸೂಕ್ಷ್ಮಜೀವಿಯಿಂದ ಬರುವುದೆಂದು ರಾಬರ್ಟ್ ಕಾಕ್ 1882ರಲ್ಲೇ ತೋರಿಸಿದ್ದನು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಸಂಶೋಧನೆಯಿಂದ, ಸ್ಯಾನಿಟೋರಿಯಂ ಸೇರದೆ ಮನೆಯಲ್ಲೇ ಔಷಧ ಸೇವಿಸಿದರೂ ರೋಗ ಗುಣವಾಗುವುದೆಂದು ತಿಳಿಯಿತು. ಆ ಬಡ ರೋಗಿಗಳ ಊಟ ಸಾಧಾರಣದ್ದಾಗಿದ್ದರೂ ಗುಣಕ್ಕೆ ಕುಂದು ಬರಲಿಲ್ಲ. ದೊಡ್ಡ ಉಪಕಾರವೇ ಸರಿ. ಆದರೆ ಅಂದಿನಿಂದ ವೈದ್ಯರ ಲಕ್ಷ್ಯವೆಲ್ಲ ಮಾತ್ರೆಯ ಕಡೆಗೆ ಹರಿದು, ಅನ್ನದ ಮಾತು ಹಿಂದೆ ಬಿತ್ತೆಂದು ನಮಗೆ ತೋರುತ್ತದೆ. ರೋಗಿ ಗುಣವಾಗುವುದು ಒಂದು. ಅವನ ಪಕ್ಕದಲ್ಲಿ ಮಲಗಿದವನಿಗೆ ರೋಗ ತಗಲದಿರುವುದು ಇನ್ನೊಂದು.

ಈ ಎರಡನೆಯದನ್ನು ಪರೀಕ್ಷೆಗೊಡ್ಡಿದವರು ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು. 2019ರಲ್ಲಿ ಕೆಲಸ ಆರಂಭಿಸಿ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳನ್ನೂ ಅವರ ಮನೆಗಳ ಹತ್ತು ಸಾವಿರಕ್ಕೂ ಮಿಕ್ಕಿದ ಮಂದಿಯನ್ನೂ ಆರಿಸಿಕೊಂಡರು. ರೋಗಿಗಳಿಗೆಲ್ಲ ಔಷಧದೊಡನೆ ಆಹಾರದ ಬುಟ್ಟಿ ದೊರೆಯಿತು. ಒಂದು ಪಂಗಡದಲ್ಲಿ ಮಾತ್ರ ಮನೆಯ ಇತರರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ಜೀವಸತ್ವದ ಗುಳಿಗೆ. ಇದಿಷ್ಟೇ! ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತಿದ್ದು ಶೇಕಡಾ 39ರಷ್ಟು ಕಡಿಮೆ. ಕಫಪರೀಕ್ಷೆ ಮುಂತಾದವುಗಳಿಂದ ಖಚಿತವಾದ ಶ್ವಾಸಕೋಶದ ಕ್ಷಯವಂತೂ ಶೇಕಡಾ 48ರಷ್ಟು ಕಡಿಮೆ. ರೋಗಿಗಳಲ್ಲಿಯೂ, ಮೊದಲ ಎರಡು ತಿಂಗಳಲ್ಲಿ ಶೇಕಡಾ 5ರಷ್ಟು ತೂಕ ಏರಿದವರಿಗೆ ಸಾವಿನ ಅಪಾಯ ಬಹಳ ಇಳಿದಿತ್ತು. 2023ರ ಆಗಸ್ಟಿನಲ್ಲಿ ಇವು ಲ್ಯಾನ್ಸೆಟ್ ಬಳಗದ ಪತ್ರಿಕೆಗಳಲ್ಲಿ ಪ್ರಕಟವಾದವು.

ಕಾರಣ ಗೂಢವೇನಲ್ಲ. ಕ್ಷಯದ ಜೀವಿ ಎಷ್ಟೋ ಜನರ ಮೈಯಲ್ಲಿ ಸುಮ್ಮನೆ ಮಲಗಿರುತ್ತದೆ. ಹೊಟ್ಟೆಗಿಲ್ಲದೆ ಮೈಯ ಕಾವಲು ಸಡಿಲವಾದರೆ ಅದು ಏಳುತ್ತದೆ.

ಸರಕಾರವು ರೋಗಿಗೆ ಪೋಷಣೆಗೆಂದು ಕೊಡುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೇರಿಸಿದೆ. ಸರಕಾರಿ ಹಾಗೂ ನಗರಪಾಲಿಕೆಯ ದವಾಖಾನೆಗಳಲ್ಲಿ ಔಷಧಕ್ಕೆ ಕಾಸಿಲ್ಲ. ಎರಡು ವಾರ ಮೀರಿದ ಕೆಮ್ಮನ್ನು ಮುಚ್ಚಿಡದೆ ತೋರಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ಇಲ್ಲಿ ಹೋಟೆಲು ನಡೆಸುವವರೂ ಇದ್ದೀರಿ, ತಪ್ಪು ತಿಳಿಯಬೇಡಿ. ಹುಡುಗನಿಗೆ ಕೆಮ್ಮು ಬಂದರೆ ಊರಿನ ಬಸ್ಸು ಹತ್ತಿಸಬೇಡಿ. ದಾರಿಯಲ್ಲಿ ಔಷಧ ತಪ್ಪಿದರೆ ರೋಗ ಬಗ್ಗದ ರೋಗವಾದೀತು. ಅವನೊಡನೆ ಖೋಲಿಯಲ್ಲಿ ಮಲಗುವವರನ್ನೂ ಪರೀಕ್ಷೆಗೆ ಕಳುಹಿಸಿ. ಝಾರ್ಖಂಡದ ಲೆಕ್ಕ ಕುಟುಂಬಗಳದ್ದು, ನಿಜ. ಹತ್ತು ಮಂದಿಯ ಖೋಲಿಯೂ ಒಂದು ಕುಟುಂಬವೇ ಎಂದು ನಾವು ತಿಳಿಯುತ್ತೇವೆ. ಉಳಿದ ಅನ್ನಕ್ಕೆ ನೀರು ಸಾಂಬಾರು ಹಾಕಿ ಮುಗಿಸದೆ ಅವರ ತಟ್ಟೆಗೂ ಗಟ್ಟಿ ಬೇಳೆ, ಮೊಸರು ಬೀಳಲಿ. ಒಂದೂವರೆ ಕಿಲೋ ತೊಗರಿಬೇಳೆಗೆ ಇಂದು ಎಷ್ಟಾಗುತ್ತದೆಂಬುದು ನಮಗಿಂತ ನಿಮಗೇ ಚೆನ್ನಾಗಿ ಗೊತ್ತು.